ತಾತನ ತಾತನ ಹೆಸರೇನು? (ನಮ್ಮೂರ ಚರಿತ್ರೆ, ಭಾಗ 5)

ಫ್ರೆಂಡ್ಸ್, ಸ್ಕ್ರೋಲ್ ಮಾಡೋ ಮುಂಚೆ ಒಂದು ನಿಮಿಷ ಯೋಚನೆ ಮಾಡಿ. ಅಪ್ಪನ ಹೆಸರು ಗೊತ್ತು, ತಾತನ ಹೆಸರು ಗೊತ್ತು. ತಾತನ ಅಪ್ಪ? ಇಲ್ಲಿಗೇ ನಮ್ಮಲ್ಲಿ ಅರ್ಧ ಜನ ನಿಂತುಬಿಡ್ತೀವಿ. ತಾತನ ತಾತ? ಆ ಮನುಷ್ಯ ಹೊಂಗನೂರಲ್ಲೋ ಪಕ್ಕದ ಯಾವುದೋ ಊರಲ್ಲೋ ಹುಟ್ಟಿದ್ದು ಹೆಚ್ಚುಕಮ್ಮಿ 1860-70ರ ಸುಮಾರಿಗೆ. ಅಂದ್ರೆ ಧಾತು ಈಶ್ವರ ಬರ ಬಂದಾಗ ಅವನಿನ್ನೂ ಹುಡುಗ. ಅವನು ಬದುಕಿ ಉಳಿದ, ಅದಕ್ಕೇ ನೀವು ಇವತ್ತು ಇದನ್ನ ಓದ್ತಿದ್ದೀರ.

ಧಾತು, ಈಶ್ವರ ಅನ್ನೋದು ಸಂವತ್ಸರಗಳ ಹೆಸರು, 1876ರಿಂದ 78ರವರೆಗೆ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50,55,412 ಇತ್ತು. 1881ರಲ್ಲಿ ಎಣಿಸಿದಾಗ ಸಿಕ್ಕಿದ್ದು 41,86,188. ಸತ್ತವರು, ಊರು ಬಿಟ್ಟವರು, ಹುಟ್ಟಲೇ ಇಲ್ಲದ ಮಕ್ಕಳು ಎಲ್ಲ ಸೇರಿ ಎಂಟೂವರೆ ಲಕ್ಷಕ್ಕೂ ಜಾಸ್ತಿ ಕಮ್ಮಿ. 60 ಜನರ ಕ್ಲಾಸಲ್ಲಿ ಹತ್ತು ಜನ ಇಲ್ಲ ಅಂದ್ಕೊಳ್ಳಿ.

ಎರಡನೇ ಫೋಟೋ ನೋಡಿ, ಚನ್ನಪಟ್ಟಣದ ರೈಲು ಹಳಿ. ದಿನಾ ಮೆಮು ಹತ್ತೋ ನಿಮಗೆ ಗೊತ್ತಿರಲಿ: ಬೆಂಗಳೂರು-ಮೈಸೂರು ದಾರಿಯ ಮಣ್ಣು ಕೆಲಸ ಶುರುವಾಗಿದ್ದು ಬರಗಾಲದ ಪರಿಹಾರ ಕಾಮಗಾರಿಯಾಗಿ. ಹಸಿದವರು ಮಂಕರಿ ಹೊತ್ತರು, 1882ಕ್ಕೆ ರೈಲು ಮೈಸೂರು ಮುಟ್ಟಿತು. ಕೆಲಸದಲ್ಲಿ ಎಷ್ಟು ತಲೆ ಅನ್ನೋದು ಸರ್ಕಾರದ ವರದಿಗಳಲ್ಲಿ ಸಿಗುತ್ತೆ. ಆ ತಲೆಗಳ ಹೆಸರು ಸಿಗಲ್ಲ. ಜನಗಣತಿಯಲ್ಲೂ ಅಷ್ಟೇ, ಮೊತ್ತ ಉಳೀತು, ಮನೆಮನೆಯಲ್ಲಿ ಬರ್ಕೊಂಡ ಚೀಟಿಗಳು ಉಳೀಲಿಲ್ಲ.

ಈಗ ಸ್ವಲ್ಪ ದೂರ ಹೋಗೋಣ, ಐರ್ಲೆಂಡಿಗೆ. ಅಲ್ಲಿ 1845ರಲ್ಲಿ ಆಲೂಗಡ್ಡೆಗೆ ರೋಗ ಬಂತು. ಮುಂದಿನ ಕೆಲವು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಹೆಚ್ಚುಕಮ್ಮಿ ಅಷ್ಟೇ ಜನ ಹಡಗು ಹತ್ತಿದರು. ಆಮೇಲೂ ವಲಸೆ ನಿಲ್ಲಲಿಲ್ಲ. 1892ರ ಜನವರಿ 1ಕ್ಕೆ ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ವಲಸಿಗರ ಕೇಂದ್ರ ತೆರೆದಾಗ ಮೊದಲು ಹೆಸರು ಬರೆಸಿದ್ದು ಆನಿ ಮೂರ್ ಅನ್ನೋ ಹುಡುಗಿ. ಕಾರ್ಕ್ ಕಡೆಯವಳು, ಜೊತೆಗೆ ಇಬ್ಬರು ತಮ್ಮಂದಿರು. ಅಮೆರಿಕದಲ್ಲೇ ಹುಟ್ಟಿದ ಅದೇ ಹೆಸರಿನ ಇನ್ನೊಬ್ಬ ಹೆಂಗಸನ್ನ ಎಷ್ಟೋ ವರ್ಷ ಇವಳೇ ಅಂದ್ಕೊಂಡಿದ್ರು! 2006ರಲ್ಲಿ ದಾಖಲೆ ಹುಡುಕಿ ನೋಡಿದ್ರೆ ನಿಜವಾದ ಆನಿ ನ್ಯೂಯಾರ್ಕಿನ ಬಡವರ ಕೇರಿಯಲ್ಲೇ ಬಾಳಿ, ಹಲವು ಮಕ್ಕಳನ್ನ ಹೆತ್ತು, ಕೆಲವರನ್ನ ಕಳ್ಕೊಂಡು, 1924ರಲ್ಲಿ ತೀರ್ಕೊಂಡಿದ್ಲು. ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಅಷ್ಟು ಬಡ ಹುಡುಗಿಯ ಕಥೆ ನಮಗೆ ಸಿಕ್ಕಿದ್ದು ಬಂದರಿನಲ್ಲಿ ಒಬ್ಬ ಗುಮಾಸ್ತ ಹೆಸರು ಬರ್ಕೊಂಡಿದ್ದಕ್ಕೆ.

ನಮ್ಮ ಕಡೆಯೂ ಹಾಗೇ. ಮದ್ರಾಸಿನಿಂದ ಮಾರಿಷಸ್‌ಗೋ ನಟಾಲ್‌ಗೋ ಕೂಲಿಗೆ ಹಡಗು ಹತ್ತಿದವರಿಗೆ ಒಂದು ನಂಬರು ಕೊಡ್ತಿದ್ರು. ನಟಾಲ್ ಹಡಗುಗಳ ಪಟ್ಟಿಯಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು ಎಲ್ಲ ಇದೆ. ಅಲ್ಲಿಯ ಮರಿಮಕ್ಕಳು ಇವತ್ತು ಆ ಪಟ್ಟಿ ಹಿಡ್ಕೊಂಡು ಇಲ್ಲಿ ಊರು ಹುಡುಕ್ತಾ ಬರ್ತಾರೆ. ತಮಾಷೆ ನೋಡಿ, ಊರು ಬಿಟ್ಟವನ ಹೆಸರು ಉಳೀತು, ಊರಲ್ಲೇ ಕೂಲಿ ಮಾಡ್ಕೊಂಡಿದ್ದವನ ಹೆಸರು ಹೋಯ್ತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಮೇಸ್ತ್ರಿ ಹಿಂದೆ ನಡ್ಕೊಂಡು ಹೋದವರಿಗೆ ಹಡಗೂ ಇಲ್ಲ, ಪಟ್ಟಿಯೂ ಇಲ್ಲ.

ಹಾಗಾದ್ರೆ ನಮ್ಮಲ್ಲಿ ಯಾರೂ ಬರ್ದಿಟ್ಟೇ ಇಲ್ವಾ? ಇಟ್ಟಿದ್ದಾರೆ. ಹೆಳವರು.

ಹೆಳವ ಅಂದ್ರೆ ಕಾಲಿಲ್ಲದವನು ಅಂತ ಅರ್ಥ. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಮುಚ್ಕೊಂಡು, ಮನೆಮನೆಗೆ ಬಂದು ಆ ವಂಶದ ಕಥೆ ಹೇಳ್ತಿದ್ರು ಅಂತ ಥರ್ಸ್ಟನ್ 1909ರ ಪುಸ್ತಕದಲ್ಲಿ ಬಳ್ಳಾರಿ ಕಡೆಯ ಹೆಳವರ ಬಗ್ಗೆ ಬರೆದಿದ್ದಾನೆ. ಈಗ ಎತ್ತಿನ ಬದಲು ಗಾಡಿಯಲ್ಲಿ ಬರ್ತಾರೆ, ಕೈಯಲ್ಲಿ ದಪ್ಪ ಪುಸ್ತಕ ಇರುತ್ತೆ. ನಿಮ್ಮ ಮೂಲ ಯಾವೂರು, ಯಾರು ಮೊದಲು ಇಲ್ಲಿಗೆ ಬಂದ್ರು, ಅವರಿಗೆ ಎಷ್ಟು ಮಕ್ಕಳು, ಯಾರ ಬಳ್ಳಿ ಅಲ್ಲಿಗೇ ನಿಂತಿತು, ಎಲ್ಲ ರಾಗವಾಗಿ ಹೇಳ್ತಾರೆ. ಹೊಸದಾಗಿ ಹುಟ್ಟಿದವರನ್ನ ಸೇರಿಸ್ಕೊಂಡು, ಕಾಳು, ದುಡ್ಡು, ಬಟ್ಟೆ ತಗೊಂಡು ಹೋದ್ರೆ ಮತ್ತೆ ಬರೋದು ಎಷ್ಟೋ ವರ್ಷ ಆದ್ಮೇಲೆ. ನನ್ನ ಪ್ರಕಾರ ಅವರಿಗೆ ಕೊಡೋದು ಭಿಕ್ಷೆ ಅಲ್ಲ, ಸಂಬಳ. ಆದ್ರೆ ಎರಡು ಮಾತು ಹೇಳ್ಲೇಬೇಕು. ಒಂದು, ಹೆಳವರು ಎಲ್ಲ ಮನೆಗೂ ಬರಲ್ಲ. ಅವರವರ ಒಕ್ಕಲು ಯಾರೋ ಅವರ ಮನೆಗೆ ಮಾತ್ರ. ಇನ್ನೊಂದು, ಪುಸ್ತಕ ಹೆಚ್ಚಾಗಿ ಗಂಡುಮಕ್ಕಳ ದಾರಿಯಲ್ಲೇ ಹೋಗುತ್ತೆ.

ಹೆಳವರು ಬರದ ಮನೆಯವರು ಟ್ರಂಕು ತೆಗೀರಿ. ಮೂರನೇ ಫೋಟೋದಲ್ಲಿರೋದು ಹಳೇ ಕ್ರಯಪತ್ರ. ಅದರಲ್ಲಿ 'ಬಿನ್' ಅಂದ್ರೆ ಮಗ, 'ಕೋಂ' ಅಂದ್ರೆ ಹೆಂಡತಿ. 'ತಿಮ್ಮಯ್ಯ ಬಿನ್ ಚಿಕ್ಕಯ್ಯ' ಅಂತ ಒಂದು ಕಾಗದ, 'ಚಿಕ್ಕಯ್ಯ ಬಿನ್ ತಿಮ್ಮಯ್ಯ' ಅಂತ ಇನ್ನೊಂದು ಸಿಕ್ಕಿದ್ರೆ ಮೂರು ತಲೆಮಾರು ಆಯ್ತು. ಇಲ್ಲೇ ಆನಿ ಮೂರ್ ಕಥೆ ನೆನಪಿರಲಿ. ಮೊಮ್ಮಗನಿಗೆ ತಾತನ ಹೆಸರಿಡೋದು ನಮ್ಮಲ್ಲೂ ಇದೆ, ಐರಿಷ್ ಮನೆಗಳಲ್ಲೂ ಇತ್ತು. ಹೆಸರು ಒಂದೇ ಅಂತ ಆಳೂ ಒಂದೇ ಅಂದ್ಕೋಬೇಡಿ, ಸರ್ವೆ ನಂಬರು, ಇಸವಿ ನೋಡಿ.

ಸ್ವಂತ ಜಮೀನೇ ಇಲ್ಲದ ಮನೆಯವರಿಗೆ? ತಾತ ಗೇಣಿಗೆ ಉಳ್ತಿದ್ರೆ, 1974ರ ಭೂಸುಧಾರಣೆ ಆದ್ಮೇಲೆ ಭೂ ನ್ಯಾಯಮಂಡಳಿಗೆ ಹಾಕಿದ ಫಾರಂ 7 ಇದೆಯಾ ಕೇಳಿ. ಎಷ್ಟೋ ಮನೆಗಳಿಗೆ ತಮ್ಮ ಹೆಸರು ಇರೋ ಮೊದಲ ಕಾಗದ ಅದೇ. ಬರೀ ಕೂಲಿ ಮಾಡ್ಕೊಂಡಿದ್ರೆ ಅದೂ ಇರಲ್ಲ. ಮನೆಯ ಹಿರಿಯರ ನೆನಪೇ ಕಾಗದ. ಇನಿಷಿಯಲ್ಲನ್ನೂ ಮರೀಬೇಡಿ: ಬೆಂಗಳೂರು ಸೇರಿ ಎಷ್ಟೋ ಕಾಲ ಆದ್ರೂ ಕೆಲವರ ಹೆಸರಿನ ಮುಂದೆ ನಮ್ಮೂರಿನ 'ಹೆಚ್' ಕೂತಿರುತ್ತೆ.

ಕಷ್ಟ ಇರೋದು ಹೆಂಗಸರ ಕಡೆ. 'ಕೋಂ' ಅಂತ ಬರ್ದಾಗ ಗಂಡನ ಹೆಸರು ಸಿಗುತ್ತೆ, ಹುಟ್ಟಿದ ಮನೆ ಸಿಗಲ್ಲ. ಮೊನ್ನೆ ನಮ್ಮಜ್ಜಿನ ಕೇಳಿದೆ. ಅವರಮ್ಮನ ಹೆಸರು, ಅವರು ಬಂದ ಊರು ತಕ್ಷಣ ಹೇಳಿದ್ರು. ಅಮ್ಮನ ಅಮ್ಮನ ಹೆಸರು? ತುಂಬಾ ಹೊತ್ತು ಸುಮ್ನಿದ್ದು, "ಎಲ್ರೂ ದೊಡ್ಡವ್ವ ಅಂತಿದ್ರು ಕಣಪ್ಪ" ಅಂದ್ರು. ಬರ ಕಂಡು ಬದುಕಿದ ಮನೆಯ ಹೆಂಗಸು, ನನ್ನ ಪಟ್ಟಿಯಲ್ಲಿ ಈಗ ಬರೀ 'ದೊಡ್ಡವ್ವ'.

ಈ ಭಾನುವಾರ ನಿಮ್ಮಜ್ಜಿ ಹತ್ರ ಕೂತ್ಕೊಳ್ಳಿ, ಫೋನಲ್ಲಿ ರೆಕಾರ್ಡ್ ಹಾಕಿ. ಅಮ್ಮನ ಹೆಸರು, ಅವರಮ್ಮನ ಹೆಸರು, ಯಾವೂರಿಂದ ಕೊಟ್ಟಿದ್ದು, ಇಷ್ಟೇ ಕೇಳಿ. ಸಿಕ್ಕ ಅತಿ ಹಳೇ ಹೆಣ್ಣಿನ ಹೆಸರು, ಊರು ನನಗೆ ಮೆಸೇಜ್ ಮಾಡಿ. ಮುಂದಿನ ಭಾಗಕ್ಕೆ ಹೊಂಗನೂರಿಗೆ ಯಾವ್ಯಾವ ಊರಿಂದ ಸೊಸೆಯರು ಬಂದ್ರು ಅಂತ ಒಂದು ಮ್ಯಾಪ್ ಮಾಡ್ತಿದ್ದೀನಿ.

#ಹೊಂಗನೂರು #ನಮ್ಮೂರಚರಿತ್ರೆ #ವಂಶಾವಳಿ