ಇ-ರೀಡರಿಗೆ ಕೇಬಲ್ ಮೂಲಕ ಪುಸ್ತಕ ವರ್ಗಾವಣೆ

ಕಂಪ್ಯೂಟರಿನಲ್ಲಿರುವ ಡಿಜಿಟಲ್ ಪುಸ್ತಕದ ಕಡತವನ್ನು ತಂತಿಯ ಮೂಲಕ ಇ-ರೀಡರಿಗೆ, ಅಂದರೆ ಓದುವುದಕ್ಕೆಂದೇ ರೂಪಿಸಿದ ಕೈಸಾಧನಕ್ಕೆ, ಸಾಗಿಸುವ ಕ್ರಮ. 1990ರ ದಶಕದ ಕೊನೆಯಲ್ಲಿ ಬಂದ ಬಹುಪಾಲು ಓದುಸಾಧನಗಳಿಗೆ ಪುಸ್ತಕ ತಲುಪುತ್ತಿದ್ದುದು ಈ ದಾರಿಯಿಂದಲೇ. 2007ರ ನಂತರ ನಿಸ್ತಂತು ಜಾಲ ಮುಖ್ಯ ದಾರಿಯಾಗಿ ಕೇಬಲ್ ಎರಡನೆಯ ಸ್ಥಾನಕ್ಕೆ ಸರಿಯಿತು. ತಂತಿಯ ವೇಗವೂ ಪ್ಲಗ್ಗಿನ ಆಕಾರವೂ ಈ ಅವಧಿಯುದ್ದಕ್ಕೂ ಬದಲಾಗುತ್ತ ಬಂದವಾದರೂ, ಕೊಂಡ ಪುಸ್ತಕದ ಕಡತ ಓದುಗನ ಕಂಪ್ಯೂಟರಿನಲ್ಲಿರಬೇಕೋ ಮಾರುವವನ ಸರ್ವರಿನಲ್ಲಿರಬೇಕೋ ಎಂಬ ಪ್ರಶ್ನೆಯೇ ಈ ಇತಿಹಾಸದ ದಿಕ್ಕನ್ನು ಹೆಚ್ಚಾಗಿ ನಿರ್ಧರಿಸಿದೆ.

ಪುಸ್ತಕವನ್ನು ಕಡತವಾಗಿಸುವ ಕೆಲಸ ಸಾಧನಗಳಿಗಿಂತ ಬಹಳ ಹಳೆಯದು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಹಾರ್ಟ್ 1971ರಲ್ಲಿ ಆ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಟೈಪು ಮಾಡಿ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್, ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಸರಳ ಪಠ್ಯರೂಪದಲ್ಲಿ ಉಚಿತವಾಗಿ ಹಂಚುತ್ತ ಬಂದಿತ್ತು; ಆದರೆ ಅವನ್ನು ಓದಬೇಕಾದವರು ಕಾಲು ಶತಮಾನದಷ್ಟು ಕಾಲ ಕಂಪ್ಯೂಟರಿನ ಮುಂದೆಯೇ ಕುಳಿತಿರಬೇಕಾಗಿತ್ತು. ಕಡತವನ್ನು ಜೇಬಿಗಿಳಿಸಿದ್ದು 1996ರಲ್ಲಿ ಬಂದ ಪಾಮ್ ಪೈಲಟ್. ಮೂಲತಃ ವಿಳಾಸ, ದಿನಚರಿಗಳನ್ನು ಇಟ್ಟುಕೊಳ್ಳಲೆಂದು ಮಾಡಿದ ಈ ಪುಟ್ಟ ಸಾಧನವನ್ನು, ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ (ಬಿಟ್‌ಗಳನ್ನು ಒಂದರ ಹಿಂದೊಂದರಂತೆ ಕಳಿಸುವ ಹಳೆಯ ಕಿಂಡಿ) ಜೋಡಿಸಿದ ತೊಟ್ಟಿಲಿನಂಥ ಪೀಠದಲ್ಲಿ ಕೂರಿಸಿ ಗುಂಡಿಯೊತ್ತಿದರೆ, ಎರಡೂ ಕಡೆಯ ಮಾಹಿತಿ ಒಂದಕ್ಕೊಂದು ತಾಳೆಯಾಗುತ್ತಿತ್ತು. ಹಾಟ್‌ಸಿಂಕ್ ಎಂದು ಹೆಸರಾದ ಈ ಏರ್ಪಾಟಿನ ಜೊತೆಗೇ ಪುಸ್ತಕಗಳೂ ಸಾಗತೊಡಗಿದವು.

ಓದಿಗೆಂದೇ ಮಾಡಿದ ಸಾಧನಗಳು 1998ರಲ್ಲಿ ಮಾರುಕಟ್ಟೆಗೆ ಬಂದಾಗ ಎರಡು ಬೇರೆ ಬೇರೆ ನಿಲುವುಗಳು ಎದುರುಬದುರಾದವು. ಮುಂದೆ ಟೆಸ್ಲಾ ಕಾರು ಕಂಪನಿಯನ್ನು ಕಟ್ಟಿದ ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಅವರ ನುವೋಮೀಡಿಯಾ ಸಂಸ್ಥೆ ತಂದ ರಾಕೆಟ್ ಇ-ಬುಕ್, ಕೊಂಡ ಪುಸ್ತಕವನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು ಅಲ್ಲಿಂದ ಸೀರಿಯಲ್ ಪೀಠದ ಮೂಲಕ ಸಾಧನಕ್ಕೆ ದಾಟಿಸುವ ಪದ್ಧತಿಯನ್ನು ಅನುಸರಿಸಿತು. ಅದೇ ವರ್ಷದ ಸಾಫ್ಟ್‌ಬುಕ್ ತನ್ನೊಳಗೇ ಮೋಡೆಮ್ ಇಟ್ಟುಕೊಂಡು, ಕಂಪ್ಯೂಟರಿನ ಹಂಗಿಲ್ಲದೆ ದೂರವಾಣಿ ತಂತಿಯಿಂದ ನೇರವಾಗಿ ಅಂಗಡಿಯನ್ನು ಸಂಪರ್ಕಿಸುತ್ತಿತ್ತು. ಅಂದಿನ ಸೀರಿಯಲ್ ಪೋರ್ಟು ಸಾಮಾನ್ಯವಾಗಿ ಗರಿಷ್ಠ ಸೆಕೆಂಡಿಗೆ 1,15,200 ಬಿಟ್‌ಗಳನ್ನು ಸಾಗಿಸುತ್ತಿದ್ದುದರಿಂದ, 500 ಕಿಲೋಬೈಟಿನ ಒಂದು ಕಾದಂಬರಿ ದಾಟಲು, ಪ್ರತಿ ಬೈಟಿನ ಹಿಂದುಮುಂದಿನ ಸಂಜ್ಞಾ ಬಿಟ್‌ಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಮುಕ್ಕಾಲು ನಿಮಿಷದಷ್ಟು ಬೇಕಾಗುತ್ತದೆ. ಸುಮಾರು ಹತ್ತು ಕಾದಂಬರಿಗಳಷ್ಟೇ ಹಿಡಿಸುತ್ತಿದ್ದ ಸಾಧನಕ್ಕೆ ಈ ವೇಗ ಕಡಿಮೆಯೇನಲ್ಲ. ಜೆಮ್‌ಸ್ಟಾರ್ ಸಂಸ್ಥೆ 2000ದಲ್ಲಿ ಈ ಎರಡೂ ಕಂಪನಿಗಳನ್ನು ಕೊಂಡು, 2003ರಲ್ಲಿ ಇ-ಪುಸ್ತಕದ ವ್ಯವಹಾರವನ್ನೇ ನಿಲ್ಲಿಸಿತು. ವ್ಯಾಪಾರವಾಗಿ ಈ ಅಧ್ಯಾಯ ಸೋತರೂ ತಂತಿ ಓದುಗನ ಕಂಪ್ಯೂಟರಿಗೆ ಹೋಗಬೇಕೆ, ಅಂಗಡಿಗೆ ಹೋಗಬೇಕೆ ಎಂಬ ಅದರ ಕವಲು ಹಾಗೆಯೇ ಉಳಿದುಕೊಂಡಿತು.

ಸೀರಿಯಲ್ ಪೋರ್ಟಿನ ಜಾಗಕ್ಕೆ ಬಂದದ್ದು ಯುಎಸ್‌ಬಿ. ಇಂಟೆಲ್ ಸಂಸ್ಥೆಯಲ್ಲಿ ಭಾರತ ಮೂಲದ ಅಜಯ್ ಭಟ್ ಅವರೂ ಇದ್ದ ತಂಡ ಇತರ ಕಂಪನಿಗಳೊಡನೆ ರೂಪಿಸಿದ ಈ ಮಾನಕದ ಮೊದಲ ಆವೃತ್ತಿ 1996ರಲ್ಲಿ ಪ್ರಕಟವಾಯಿತು. ಅದರ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್ ಆಗಿದ್ದರೆ, 2000ದಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅದು 480 ಮೆಗಾಬಿಟ್‌ಗೆ ಏರಿತು. ಈ ಕೇಬಲಿನೊಳಗೆ ನಾಲ್ಕು ತಂತಿಗಳಿದ್ದು, ಎರಡು 5 ವೋಲ್ಟಿನ ವಿದ್ಯುತ್ತನ್ನು ಒದಗಿಸಿದರೆ ಉಳಿದೆರಡು ದತ್ತಾಂಶವನ್ನು ಒಯ್ಯುತ್ತವೆ. ಪುಸ್ತಕ ಸಾಗಿಸುವ ತಂತಿಯೇ ಬ್ಯಾಟರಿಯನ್ನೂ ಚಾರ್ಜ್ ಮಾಡುವಂತಾದುದು ಹೀಗೆ. ಅಗ್ಗದ ಚಾರ್ಜಿಂಗ್ ಕೇಬಲ್‌ಗಳಲ್ಲಿ ದತ್ತಾಂಶದ ಎರಡು ತಂತಿಗಳನ್ನು ಬಿಟ್ಟುಬಿಡುವುದುಂಟು. ಅಂಥ ಕೇಬಲ್ ಚುಚ್ಚಿದಾಗ ಸಾಧನ ಚಾರ್ಜ್ ಆಗುತ್ತಲೇ ಇದ್ದರೂ ಕಂಪ್ಯೂಟರಿಗೆ ಅದು ಕಾಣಿಸುವುದೇ ಇಲ್ಲ. ಇ-ರೀಡರ್ ಕೆಟ್ಟಿದೆ ಎಂದು ಬಗೆಯುವ ಎಷ್ಟೋ ಸಂದರ್ಭಗಳಲ್ಲಿ ಕೆಟ್ಟಿರುವುದು ಏನೂ ಇಲ್ಲ.

ಕಾಗದದಂತೆ ಬೆಳಕನ್ನು ಪ್ರತಿಫಲಿಸುವ, ಪುಟ ಬದಲಾಗುವಾಗ ಮಾತ್ರ ವಿದ್ಯುತ್ ಬೇಡುವ ಇಲೆಕ್ಟ್ರಾನಿಕ್ ಶಾಯಿಯ ಪರದೆಯನ್ನು ಎಂಐಟಿಯ ಸಂಶೋಧಕರಿಂದ 1997ರಲ್ಲಿ ಹುಟ್ಟಿದ ಇ ಇಂಕ್ ಸಂಸ್ಥೆ ಅಭಿವೃದ್ಧಿಪಡಿಸಿತು. ಇದನ್ನು ಬಳಸಿದ ಮೊದಲ ವಾಣಿಜ್ಯ ಇ-ರೀಡರ್, ಸೋನಿ 2004ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಲಿಬ್ರಿಯೆ. ಪರದೆ ಮೆಚ್ಚುಗೆ ಪಡೆದರೂ, ಕಂಪ್ಯೂಟರಿನಿಂದ ಇಳಿಸಿಕೊಂಡ ಪುಸ್ತಕ 60 ದಿನಗಳಲ್ಲಿ ತೆರೆಯದಂತಾಗುವ ಬಾಡಿಗೆಯ ಕಟ್ಟುಪಾಡು ಓದುಗರಿಗೆ ಹಿಡಿಸಲಿಲ್ಲ. ಸೋನಿಯ ಮುಂದಿನ ಸಾಧನವಾದ ಪಿಆರ್‌ಎಸ್-500, 2006ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದಕ್ಕೆ ಯುಎಸ್‌ಬಿ ಕಿಂಡಿಯಿದ್ದರೂ ಪೆನ್‌ಡ್ರೈವಿನಂತೆ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತಿರಲಿಲ್ಲ; ಸೋನಿಯದೇ ಆದ ಗುಟ್ಟಿನ ಸಂವಹನ ನಿಯಮಗಳನ್ನು ಅರಿತ, ವಿಂಡೋಸ್‌ನಲ್ಲಿ ಮಾತ್ರ ನಡೆಯುವ ತಂತ್ರಾಂಶವೊಂದೇ ಅದರೊಡನೆ ಮಾತಾಡಬಲ್ಲದಾಗಿತ್ತು.

ಈ ಅಡ್ಡಗೋಡೆಯಿಂದಲೇ ಕೇಬಲ್ ವರ್ಗಾವಣೆಯ ಅತಿ ಮುಖ್ಯ ತಂತ್ರಾಂಶ ಹುಟ್ಟಿತು. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಭೌತವಿಜ್ಞಾನದ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಭಾರತದ ಕೋವಿದ್ ಗೋಯಲ್, ವಿಂಡೋಸ್ ಬದಲಿಗೆ ಲಿನಕ್ಸ್ ಬಳಸುತ್ತಿದ್ದ ಕಾರಣ ತಮ್ಮ ಸೋನಿ ಸಾಧನಕ್ಕೆ ಪುಸ್ತಕ ಹಾಕಲಾಗದೆ, ತಂತಿಯಲ್ಲಿ ಹರಿಯುವ ಸಂದೇಶಗಳನ್ನು ಬಿಡಿಸಿ ನೋಡಿ ಆ ನಿಯಮಗಳನ್ನು ಊಹಿಸಿ ಕಟ್ಟಿದ ಲಿಬ್‌ಪಿಆರ್‌ಎಸ್500 ಎಂಬ ಪ್ರೋಗ್ರಾಮು 2006ರ ಅಕ್ಟೋಬರ್ 31ರಂದು ಆರಂಭವಾಯಿತು. ಅದು 2008ರಲ್ಲಿ ಕ್ಯಾಲಿಬರ್ ಎಂಬ ಹೊಸ ಹೆಸರು ಪಡೆಯುವ ಹೊತ್ತಿಗೆ ಬರೀ ಸಾಗಣೆಯ ಉಪಕರಣವಾಗಿ ಉಳಿದಿರದೆ, ಪುಸ್ತಕಗಳನ್ನು ಲೇಖಕ, ಮಾಲಿಕೆ, ವಿಷಯಗಳ ಪ್ರಕಾರ ಅಣಿಗೊಳಿಸುವ, ಒಂದು ಕಡತಸ್ವರೂಪವನ್ನು ಇನ್ನೊಂದಕ್ಕೆ ಮಾರ್ಪಡಿಸುವ, ಕೇಬಲಿಗೆ ಜೋಡಿಸಿದ್ದು ಯಾವ ತಯಾರಿಕೆಯ ಸಾಧನವೆಂದು ಗುರುತಿಸಿ ಅದಕ್ಕೆ ಒಪ್ಪುವ ರೂಪವನ್ನೇ ಕಳಿಸುವ ಪೂರ್ಣ ಗ್ರಂಥಭಂಡಾರ ವ್ಯವಸ್ಥೆಯಾಗಿ ಬೆಳೆದಿತ್ತು. ಇದರ ಮೂಲಸಂಕೇತ ಎಲ್ಲರಿಗೂ ಮುಕ್ತವಾಗಿರುವುದರಿಂದ, ತಯಾರಕರು ಕೈಬಿಟ್ಟ ಹಳೆಯ ಸಾಧನಗಳಿಗೂ ಪುಸ್ತಕ ಹಾಕುವ ದಾರಿ ಮುಚ್ಚದೆ ಉಳಿಯಿತು. ಇ-ಓದಿನ ಇತಿಹಾಸದಲ್ಲಿ ದೊಡ್ಡ ಕಂಪನಿಗಳ ಹೆಸರುಗಳಿಗೆ ಸರಿಸಮನಾಗಿ ಬರೆಯಬೇಕಾದ ಕೆಲಸ ಇದು. ಸೋನಿಯೂ 2007ರ ಪಿಆರ್‌ಎಸ್-505ರಲ್ಲಿ ಪೆನ್‌ಡ್ರೈವಿನ ಮಾದರಿಗೆ ಬಂದಿತು. ಅದೇ ವರ್ಷ, ಪರದೆಯ ಅಳತೆಗೆ ತಕ್ಕಂತೆ ಸಾಲುಗಳನ್ನು ಮರುಜೋಡಿಸಬಲ್ಲ ಮುಕ್ತ ಕಡತಸ್ವರೂಪವಾದ ಇಪಬ್ ಮಾನಕವೂ ಜಾರಿಗೆ ಬಂದಿತು.

ಪೆನ್‌ಡ್ರೈವಿನ ಮಾದರಿ ಎಂದರೆ ಯುಎಸ್‌ಬಿ ಮಾಸ್ ಸ್ಟೋರೇಜ್ ಎಂಬ ವರ್ಗದ ನಿಯಮಗಳು. ಇದರಲ್ಲಿ ಸಾಧನ ತನ್ನ ಸ್ಮೃತಿಯನ್ನು ಸಮಾನ ಅಳತೆಯ ಖಂಡಗಳ ಸಾಲಾಗಿ ಕಂಪ್ಯೂಟರಿಗೆ ಒಪ್ಪಿಸಿಬಿಡುತ್ತದೆ. ಯಾವ ಕಡತ ಯಾವ ಖಂಡಗಳಲ್ಲಿದೆ ಎಂಬ ಪಟ್ಟಿಯನ್ನು ಬರೆಯುವುದೂ ತಿದ್ದುವುದೂ ಅಲ್ಲಿಂದ ಮುಂದೆ ಕಂಪ್ಯೂಟರಿನ ಪಾಲಿನ ಕೆಲಸ. ಒಂದೇ ಪಟ್ಟಿಯನ್ನು ಇಬ್ಬರು ಏಕಕಾಲಕ್ಕೆ ತಿದ್ದಿದರೆ ಅದು ಹಾಳಾಗುವುದರಿಂದ, ಕೇಬಲ್ ಜೋಡಿಸಿದೊಡನೆ ಇಂಥ ಇ-ರೀಡರ್ ಓದುತ್ತಿದ್ದ ಪುಟವನ್ನು ಮುಚ್ಚಿ, ಕಂಪ್ಯೂಟರಿಗೆ ಸಂಪರ್ಕಗೊಂಡಿದೆ ಎಂಬ ಸೂಚನೆಯನ್ನಷ್ಟೇ ತೋರಿಸುತ್ತ ನಿಲ್ಲುತ್ತದೆ. ಬಳಕೆದಾರ ಕಡತವನ್ನು ನಕಲು ಮಾಡಿ ಎಳೆದು ಹಾಕಿದ ಮೇಲೂ ಕಂಪ್ಯೂಟರ್ ಕೆಲವು ಖಂಡಗಳನ್ನು ತನ್ನ ತಾತ್ಕಾಲಿಕ ಸ್ಮೃತಿಯಲ್ಲೇ ಇರಿಸಿಕೊಂಡಿರಬಹುದು. ‘ಇಜೆಕ್ಟ್’ ಎಂಬ ಆಜ್ಞೆ ಕೊಟ್ಟಾಗಲೇ ಅವು ನಿಶ್ಚಿತವಾಗಿ ಬರೆಯಲ್ಪಡುತ್ತವೆ. ಅದಕ್ಕೆ ಮೊದಲೇ ತಂತಿ ಕಿತ್ತರೆ ಪುಸ್ತಕ ಅರ್ಧಕ್ಕೆ ನಿಲ್ಲುವುದೂ, ಕೆಲವೊಮ್ಮೆ ಇಡೀ ಪಟ್ಟಿಯೇ ಕೆಡುವುದೂ ಇದೇ ಕಾರಣದಿಂದ. ಸಂಪರ್ಕ ಕಡಿದ ಮೇಲೆ ಸಾಧನ ತನ್ನ ಫೋಲ್ಡರುಗಳನ್ನು ಮತ್ತೆ ಹುಡುಕಿ, ಹೊಸದಾಗಿ ಸಿಕ್ಕ ಕಡತಗಳ ಶೀರ್ಷಿಕೆ, ಲೇಖಕರ ಹೆಸರುಗಳನ್ನು ತನ್ನ ಸೂಚಿಗೆ ಸೇರಿಸಿಕೊಳ್ಳುತ್ತದೆ.

ಅಮೆಜಾನ್ 2007ರ ನವೆಂಬರ್ 19ರಂದು 399 ಡಾಲರಿಗೆ ಬಿಡುಗಡೆ ಮಾಡಿದ ಕಿಂಡಲ್, ಮೊಬೈಲ್ ಜಾಲದ ಮೂಲಕ ಪುಸ್ತಕವನ್ನು ನೇರವಾಗಿ ಇಳಿಸಿಕೊಳ್ಳುವ ಸೌಲಭ್ಯವನ್ನು ಪ್ರತ್ಯೇಕ ಶುಲ್ಕವಿಲ್ಲದೆ ಕೊಟ್ಟು, ಸಾಫ್ಟ್‌ಬುಕ್ ಹಿಡಿದಿದ್ದ ಹಾದಿಯನ್ನು ಗೆಲ್ಲಿಸಿತು. ಆದರೂ ಕೇಬಲ್ ಮರೆಯಾಗಲಿಲ್ಲ. ಸ್ವಂತ ದಾಖಲೆಯನ್ನು ಇ-ಮೇಲ್ ಮೂಲಕ ಕಿಂಡಲ್‌ಗೆ ತರಿಸಿಕೊಳ್ಳಲು ಆರಂಭದಲ್ಲಿ ಪ್ರತಿ ದಾಖಲೆಗೆ 10 ಸೆಂಟ್ ತೆರಬೇಕಿತ್ತು. ಕೇಬಲ್ ಹಚ್ಚಿ ‘ಡಾಕ್ಯುಮೆಂಟ್ಸ್’ ಫೋಲ್ಡರಿಗೆ ಹಾಕಿದರೆ ಖರ್ಚಿರಲಿಲ್ಲ. ಅಂಗಡಿಯ ಹೊರಗಿನ ಕಡತವನ್ನು ಹೀಗೆ ಸೇರಿಸುವುದಕ್ಕೆ ಸೈಡ್‌ಲೋಡಿಂಗ್ ಎಂಬ ಹೆಸರು ರೂಢಿಯಾಯಿತು. 2009ರ ನೂಕ್, 2010ರ ಕೋಬೋ ಸಾಧನಗಳು ಇಪಬ್ ಅನ್ನು ನೇರವಾಗಿ ಓದುತ್ತಿದ್ದರೆ, ಕಿಂಡಲ್ ಕೇಬಲಿನಿಂದ ಬಂದ ಇಪಬ್ ಕಡತವನ್ನು ತೆರೆಯುತ್ತಿರಲಿಲ್ಲ. ಅದನ್ನು ಮೊದಲು ಮೋಬಿ ಅಥವಾ ಎಝಡ್‌ಡಬ್ಲ್ಯು3 ಸ್ವರೂಪಕ್ಕೆ ಬದಲಿಸಿಕೊಳ್ಳಬೇಕಾಗಿತ್ತು. ಕ್ಯಾಲಿಬರ್ ಮನೆಮಾತಾಗಲು ಇದೂ ಒಂದು ಕಾರಣ.

ಕಡತ ಕೈಗೆ ಬಂದ ಮಾತ್ರಕ್ಕೆ ಪುಸ್ತಕ ಕೈವಶವಾದಂತಲ್ಲ ಎಂಬುದನ್ನು ಡಿಆರ್‌ಎಂ, ಅಂದರೆ ನಕಲನ್ನು ತಡೆಯಲು ಕಡತಕ್ಕೆ ಹಾಕುವ ಗೂಢಲಿಪಿಯ ಬೀಗ, ತೋರಿಸಿಕೊಟ್ಟಿತು. ಪಾಶ್ಚಾತ್ಯ ದೇಶಗಳ ಸಾರ್ವಜನಿಕ ಗ್ರಂಥಾಲಯಗಳಿಂದ ಎರವಲು ಪಡೆದ ಇಪಬ್ ಪುಸ್ತಕವನ್ನು ಸೋನಿ, ನೂಕ್, ಕೋಬೋಗಳಿಗೆ ದಾಟಿಸಲು ಅಡೋಬಿಯ ಡಿಜಿಟಲ್ ಎಡಿಷನ್ಸ್ ತಂತ್ರಾಂಶ ಬೇಕಾಗುತ್ತಿತ್ತು. ಅವಧಿ ಮುಗಿದೊಡನೆ ಬೀಗ ತಾನಾಗಿಯೇ ಬೀಳುತ್ತಿತ್ತು. ಅಮೆಜಾನ್ ತನ್ನ ಜಾಲತಾಣದಿಂದ ಇಳಿಸಿಕೊಂಡು ಕೇಬಲಿನಿಂದ ದಾಟಿಸಲು ಕೊಡುತ್ತಿದ್ದ ಕಡತವೂ, ಗ್ರಾಹಕ ಆಯ್ದ ಒಂದು ಸಾಧನದ ಕ್ರಮಸಂಖ್ಯೆಗೆ ಕಟ್ಟಿಹಾಕಿದ್ದೇ ಆಗಿರುತ್ತಿತ್ತು. ಹೀಗಿದ್ದರೂ 2009ರ ಜುಲೈನಲ್ಲಿ, ಹಕ್ಕುಸ್ವಾಮ್ಯದ ತೊಡಕಿನಿಂದಾಗಿ ಜಾರ್ಜ್ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಕೃತಿಗಳ ಒಂದು ಆವೃತ್ತಿಯನ್ನು ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿ ಆಮೇಲೆ ಕ್ಷಮೆ ಕೋರಿದಾಗ, ಕಂಪ್ಯೂಟರಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವುದರ ಬೆಲೆ ಅನೇಕರಿಗೆ ತಿಳಿಯಿತು. ಅಳಿಸಿಹೋದವುಗಳಲ್ಲಿ, ಆಳುವವರು ಹಳೆಯ ದಾಖಲೆಗಳನ್ನು ಅಳಿಸಿಹಾಕುವ ಕಥೆಯಾದ ‘1984’ ಇದ್ದದ್ದು ಕಾಕತಾಳೀಯವಾದರೂ, ಅದಕ್ಕಿಂತ ಒಪ್ಪುವ ಉದಾಹರಣೆಯನ್ನು ಯಾರೂ ಆರಿಸಲಾರರು.

ಕನ್ನಡ ಓದುಗರ ಮಟ್ಟಿಗೆ ಕೇಬಲಿನ ಮಹತ್ವ ಬೇರೊಂದು ಕಾರಣದಿಂದ ಹೆಚ್ಚು. ಕಿಂಡಲ್ ಅಂಗಡಿ 2016ರ ಕೊನೆಯಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿಗೆ ವಿಭಾಗ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳು ಅದರಲ್ಲಿದ್ದವು, ಕನ್ನಡವಿರಲಿಲ್ಲ. ಆದ್ದರಿಂದ ಕನ್ನಡ ವಿಕಿಸೋರ್ಸ್‌ನಿಂದ ಇಪಬ್ ರೂಪದಲ್ಲಿ ಪಡೆದ ಹಳೆಯ ಕೃತಿಗಳೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪ್ರಮುಖ ಪಾತ್ರ ವಹಿಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಗ್ರಂಥಗಳೂ ಇ-ರೀಡರಿಗೆ ಸೇರಬೇಕಾದದ್ದು ಹೆಚ್ಚಾಗಿ ಓದುಗನ ಕಂಪ್ಯೂಟರಿನ ಮೂಲಕವೇ. ಕಡತ ತಲುಪಿದರೂ ಅಕ್ಷರ ಮೂಡುವುದು ಖಚಿತವಾಗಿರಲಿಲ್ಲ. ಕನ್ನಡ ಫಾಂಟ್ ಇಲ್ಲದ ಸಾಧನ ಪುಟದ ತುಂಬ ಖಾಲಿ ಚೌಕಗಳನ್ನು ತೋರಿಸಿದರೆ, ಫಾಂಟ್ ಇದ್ದೂ ಒತ್ತಕ್ಷರಗಳನ್ನು ಜೋಡಿಸುವ ತಂತ್ರಾಂಶವಿಲ್ಲದ ಸಾಧನ ‘ರಾಷ್ಟ್ರ’ ಎಂಬುದನ್ನು ‘ರಾಷ್‌ಟ್‌ರ’ ಎಂದು ಬಿಡಿಬಿಡಿಯಾಗಿ ಮೂಡಿಸುತ್ತಿತ್ತು. ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಠ್ಯವಂತೂ, ಯೂನಿಕೋಡ್‌ಗೆ ಪರಿವರ್ತನೆಯಾಗದೆ ಸಾಧನವನ್ನು ಹೊಕ್ಕರೆ, ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಫಾಂಟ್ ಇಲ್ಲದ ತೊಡಕಿಗೆ ಪರಿಹಾರವೂ ಬಂದದ್ದು ತಂತಿಯಲ್ಲಿಯೇ: ಕೋಬೋದಲ್ಲಿಯೂ ಮುಂದೆ ಕಿಂಡಲ್‌ನಲ್ಲಿಯೂ ‘ಫಾಂಟ್ಸ್’ ಎಂಬ ಫೋಲ್ಡರಿಗೆ ಬೇಕಾದ ಫಾಂಟ್ ಹಾಕಿ ಅದನ್ನೇ ಆಯ್ದುಕೊಳ್ಳುವ ಅವಕಾಶ ದೊರೆಯಿತು. ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟಗಳಿಗೆ ಮಾತ್ರ ಇದರಿಂದ ಪ್ರಯೋಜನವಿಲ್ಲ. ಸುಮಾರು ಐದೂವರೆ ಇಂಚು ಅಗಲದ ಡೆಮಿ 1/8 ಅಳತೆಯ ಪುಟ, 6 ಇಂಚಿನ ಪರದೆಯ ಮೂರೂವರೆ ಇಂಚಿನಷ್ಟು ಅಗಲದೊಳಗೆ ಕುಗ್ಗಿದಾಗ, ಅಕ್ಷರಗಳು ಮೂಲದ ಮೂರನೆಯ ಎರಡು ಭಾಗಕ್ಕೆ ಇಳಿದು, ಕೆಳಗಿನ ಒತ್ತುಗಳು ಮಸಿಯ ಚುಕ್ಕೆಗಳಂತಾಗುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಪೆನ್‌ಡ್ರೈವಿನ ಮಾದರಿಯಿಂದ ಎಂಟಿಪಿ ಎಂಬ ನಿಯಮಗಳ ಕಡೆಗೆ ಹೊರಳುವುದು ಕಂಡುಬಂದಿದೆ. ಡಿಜಿಟಲ್ ಕ್ಯಾಮೆರಾಗಳಿಂದ ಚಿತ್ರ ಇಳಿಸುವ ನಿಯಮಗಳನ್ನು ಹಿಗ್ಗಿಸಿ ಮೈಕ್ರೋಸಾಫ್ಟ್ ರೂಪಿಸಿದ ಇದರಲ್ಲಿ, ಸಾಧನ ತನ್ನ ಕಡತಪಟ್ಟಿಯನ್ನು ಬಿಟ್ಟುಕೊಡದೆ, ಕಂಪ್ಯೂಟರ್ ಕೇಳಿದ ಕಡತವನ್ನು ತಾನೇ ತೆಗೆದುಕೊಡುತ್ತದೆ, ಕೊಟ್ಟದ್ದನ್ನು ತಾನೇ ಬರೆದುಕೊಳ್ಳುತ್ತದೆ. ಪಟ್ಟಿ ಕೆಡುವ ಭಯ ಇದರಲ್ಲಿ ಕಡಿಮೆ. ಆದರೆ ಆಪಲ್ ಕಂಪ್ಯೂಟರುಗಳಲ್ಲಿ ಎಂಟಿಪಿಗೆ ಅಂತರ್ಗತ ಬೆಂಬಲವಿಲ್ಲದ್ದರಿಂದ, 2024ರ ಕಿಂಡಲ್‌ಗಳು ಈ ನಿಯಮಗಳಿಗೆ ಬದಲಾದಾಗ ಅಲ್ಲಿಯವರೆಗೆ ಏನೂ ಬೇಡವಾಗಿದ್ದ ಕೆಲಸಕ್ಕೆ ಪ್ರತ್ಯೇಕ ತಂತ್ರಾಂಶ ಬೇಕಾಯಿತು. ಪ್ಲಗ್ಗು ಮಿನಿ, ಮೈಕ್ರೋ ಆಕಾರಗಳನ್ನು ದಾಟಿ, ಯಾವ ಮಗ್ಗುಲಲ್ಲಿ ಚುಚ್ಚಿದರೂ ಕೂರುವ ಟೈಪ್-ಸಿ ರೂಪಕ್ಕೆ ಬಂದಿದೆ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಇದನ್ನು ಕಡ್ಡಾಯಗೊಳಿಸಿದ ಸಾಧನಗಳಲ್ಲಿ ಇ-ರೀಡರುಗಳೂ ಇವೆ.

ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಧನಕ್ಕೆ ದಾಟಿಸುವ ಆಯ್ಕೆಯನ್ನು ಅಮೆಜಾನ್ ತನ್ನ ಜಾಲತಾಣದಿಂದ 2025ರ ಫೆಬ್ರವರಿ 26ರಂದು ತೆಗೆದುಹಾಕಿತು. ಇದರಿಂದ, ಆಗಲೇ ನಿಸ್ತಂತು ಸಂಪರ್ಕದ ಸೌಲಭ್ಯ ಕಳೆದುಕೊಂಡಿದ್ದ ಹಳೆಯ ಕಿಂಡಲ್‌ಗಳಿಗೆ ಆ ಅಂಗಡಿಯ ಹೊಸ ಪುಸ್ತಕಗಳನ್ನು ಹಾಕುವ ನೇರ ದಾರಿ ಇಲ್ಲವಾಯಿತು. ಹಕ್ಕುಸ್ವಾಮ್ಯ ಮುಗಿದ ಕೃತಿಗಳು, ಬೀಗವಿಲ್ಲದೆ ಮಾರುವ ಪ್ರಕಾಶಕರ ಪುಸ್ತಕಗಳು ಮತ್ತು ಬಳಕೆದಾರನ ಸ್ವಂತ ದಾಖಲೆಗಳನ್ನು ಕೇಬಲಿನಿಂದ ಸೇರಿಸಲು ಮಾತ್ರ ಕಿಂಡಲ್ ಸಹಿತ ಪ್ರಮುಖ ಇ-ರೀಡರುಗಳಲ್ಲಿ ಅವಕಾಶ ಮುಂದುವರಿದಿದೆ.