ಮೂಕಪ್ರಾಣಿಯ ಮೊರೆ ಮತ್ತು ಕಾಯಿದೆಯ ಚರಿತ್ರೆ



ಹಬ್ಬದ ದಿನ ಬಲಿಗೆಂದು ತಂದ ಕುರಿಯನ್ನು ಕುರಿತು ವಿಶ್ವಗುರು ಬಸವಣ್ಣನವರು ನುಡಿದ ವಚನವನ್ನು ಶ್ರೀಮಠದ ಭಕ್ತರೆಲ್ಲರೂ ಬಲ್ಲರು. ಸಾವು ಸಮೀಪಿಸಿದೆಯೆಂಬುದನ್ನರಿಯದ ಆ ಪ್ರಾಣಿ ತನ್ನ ಹಸಿವಿಗೆ ಕಣ್ಣೆದುರಿನ ಹಸಿರನ್ನು ಅರಸುತ್ತದೆ. ವಚನದ ನೋಟ ಮೊದಲು ಕುರಿಯ ಮೇಲಿದ್ದು, ಕೊನೆಗೆ ಕೊಂದವರ ಕಡೆಗೆ ಹೊರಳುತ್ತದೆ. ಈ ಹೊರಳುವಿಕೆಯಲ್ಲಿಯೇ ವಚನದ ಮರ್ಮವಡಗಿದೆ. ಪ್ರಾಣಿಯ ಸಂಕಟವನ್ನು ಕಂಡು ಮರುಗುವುದು ಸುಲಭ. ಆ ಸಂಕಟಕ್ಕೆ ಕಾರಣರಾರೆಂದು ಕೇಳಿಕೊಳ್ಳುವುದು ಕಷ್ಟ.

ಶ್ರೀಮಠದ ಚಿಂತನಗೋಷ್ಠಿಯೊಂದರಲ್ಲಿ ಹಿರಿಯ ಭಕ್ತರೊಬ್ಬರು ಹೀಗೆ ಕೇಳಿದರು: “ದಯೆಯೆಂಬುದು ಅಂತರಂಗದ ಗುಣ. ಪ್ರಾಣಿಹಿಂಸೆಯ ವಿರುದ್ಧ ಕಠಿಣ ಕಾಯಿದೆ ಬೇಕೆಂದು ಹಲವರು ಹೋರಾಡುತ್ತಾರೆ. ಪೊಲೀಸರ ಭಯದಿಂದ ದಯೆ ಹುಟ್ಟೀತೆ?” ಪ್ರಶ್ನೆ ಗಂಭೀರವಾದುದು. ಇದಕ್ಕೆ ತರ್ಕಕ್ಕಿಂತ ಚರಿತ್ರೆಯೇ ಒಳ್ಳೆಯ ಉತ್ತರ ನೀಡುತ್ತದೆ.

ಆಧುನಿಕ ಕಾಲದಲ್ಲಿ ಪ್ರಾಣಿಹಿಂಸೆಯನ್ನು ತಡೆಯಲು ರಚಿತವಾದ ಮೊದಮೊದಲ ಕಾಯಿದೆಗಳಲ್ಲಿ ಇಂಗ್ಲೆಂಡಿನ 1822ರ ಕಾಯಿದೆ ಪ್ರಮುಖವಾದುದು. ಅದು ಒಮ್ಮೆಗೇ ಬಂದುದಲ್ಲ. ಗೂಳಿಯನ್ನು ಕಟ್ಟಿಹಾಕಿ ಅದರ ಮೇಲೆ ನಾಯಿಗಳನ್ನು ಛೂಬಿಡುವ ವಿನೋದವನ್ನು ನಿಷೇಧಿಸಲು 1800ರಲ್ಲಿಯೂ 1802ರಲ್ಲಿಯೂ ಅಲ್ಲಿಯ ಪಾರ್ಲಿಮೆಂಟಿನಲ್ಲಿ ಮಂಡಿತವಾದ ಮಸೂದೆಗಳು ಬಿದ್ದುಹೋದವು. 1809ರಲ್ಲಿ ಲಾರ್ಡ್ ಅರ್ಸ್ಕಿನ್ ಮಂಡಿಸಿದ ಮಸೂದೆ ಮೇಲ್ಮನೆಯಲ್ಲಿ ಗೆದ್ದು ಕೆಳಮನೆಯಲ್ಲಿ ಸೋತಿತು. ಕೊನೆಗೆ ಐರ್ಲೆಂಡಿನ ಗಾಲ್ವೇ ಕ್ಷೇತ್ರದ ಸದಸ್ಯ ರಿಚರ್ಡ್ ಮಾರ್ಟಿನ್ ಛಲ ಬಿಡದೆ ದುಡಿದು 1822ರಲ್ಲಿ ಕಾಯಿದೆಯನ್ನು ಸಾಧಿಸಿದನು. ಅದು ದನ, ಕುದುರೆ, ಕತ್ತೆ, ಕುರಿ ಮುಂತಾದ ಪ್ರಾಣಿಗಳಿಗೆ ಮಾತ್ರ ರಕ್ಷಣೆ ನೀಡಿತು. ನಾಯಿಗಳಿಗೆ ರಕ್ಷಣೆ ದೊರೆತು, ಗೂಳಿಯ ಮೇಲಿನ ಆ ಕ್ರೂರ ವಿನೋದ ನಿಷಿದ್ಧವಾಗಲು 1835ರವರೆಗೆ ಕಾಯಬೇಕಾಯಿತು.

ಮಾರ್ಟಿನ್ ಕಾಯಿದೆ ಬಂದಿತೆಂದು ಸುಮ್ಮನೆ ಕೂರಲಿಲ್ಲ. ತಾನೇ ಸಂತೆ ಬೀದಿಗಳಲ್ಲಿ ನಿಂತು, ಪ್ರಾಣಿಗಳನ್ನು ಹಿಂಸಿಸುವವರನ್ನು ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲಿಸಿದನು. ಹೊಡೆತ ತಿಂದ ಕತ್ತೆಯನ್ನೇ ನ್ಯಾಯಾಲಯಕ್ಕೆ ತರಿಸಿ ಅದರ ಗಾಯಗಳನ್ನು ತೋರಿಸಿದನೆಂಬ ಪ್ರಸಂಗ ಇಂದಿಗೂ ಪ್ರಸಿದ್ಧವಾಗಿದೆ. ವಾಣಿಯಿಲ್ಲದ ಜೀವಕ್ಕೆ ಅದರ ಗಾಯವೇ ವಾಣಿಯಾಯಿತು. ಆದರೆ ಎಲ್ಲ ಸಂತೆಗಳಲ್ಲಿಯೂ ಒಬ್ಬನೇ ನಿಲ್ಲಲಾರನಷ್ಟೆ? 1824ರಲ್ಲಿ ಮಾರ್ಟಿನ್, ವಿಲ್ಬರ್‌ಫೋರ್ಸ್ ಮೊದಲಾದವರು ಲಂಡನ್ನಿನಲ್ಲಿ ಪ್ರಾಣಿಹಿಂಸಾ ನಿವಾರಣ ಸಂಘವನ್ನು ಸ್ಥಾಪಿಸಿದರು. ಕಾಯಿದೆಗೆ ಕಣ್ಣು ಬೇಕು, ಕಂಡುದನ್ನು ಹೇಳುವ ಸಾಕ್ಷಿ ಬೇಕು ಎಂಬುದು ಈ ಚರಿತ್ರೆಯ ಮೊದಲನೆಯ ಪಾಠ.

ಭಾರತದಲ್ಲಿ ಇಂತಹ ಮೊದಲ ಸಂಘ 1861ರಲ್ಲಿ ಕೋಲ್ಕೊತೆಯಲ್ಲಿ ಕೋಲ್ಸ್‌ವರ್ದಿ ಗ್ರಾಂಟ್ ಎಂಬವರ ಪ್ರಯತ್ನದಿಂದ ಹುಟ್ಟಿತು. ಅದಕ್ಕೆ ಒಂದು ವರ್ಷ ಹಿಂದೆ, 1860ರಲ್ಲಿ, ರಚಿತವಾದ ಭಾರತೀಯ ದಂಡಸಂಹಿತೆಯಲ್ಲಿ ಪ್ರಾಣಿಯನ್ನು ಕೊಲ್ಲುವುದಕ್ಕೂ ಅಂಗಹೀನಗೊಳಿಸುವುದಕ್ಕೂ ಶಿಕ್ಷೆಯಿತ್ತು. ಆದರೆ ಅಲ್ಲಿ ಪ್ರಾಣಿಯ ಅಳತೆಗೋಲು ಬೆಲೆಯಾಗಿತ್ತು: ಹತ್ತು ರೂಪಾಯಿ ಬೆಲೆಬಾಳುವ ಪ್ರಾಣಿಗೊಂದು ವಿಧಿ, ಆನೆ, ಕುದುರೆ, ದನ ಮುಂತಾದವಕ್ಕೂ ಐವತ್ತು ರೂಪಾಯಿ ಬೆಲೆಬಾಳುವ ಇತರ ಪ್ರಾಣಿಗಳಿಗೂ ಇನ್ನೊಂದು ವಿಧಿ. ನೋವು ಪ್ರಾಣಿಯದು, ನಷ್ಟ ಮಾತ್ರ ಒಡೆಯನದು ಎಂಬುದು ಅದರ ಭಾವ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ವಿಧಿಯಲ್ಲಿ ಈ ಬೆಲೆಯ ಲೆಕ್ಕ ಅಳಿದು, ಯಾವ ಪ್ರಾಣಿಯಾದರೂ ಸರಿ, ಐದು ವರ್ಷಗಳವರೆಗಿನ ಶಿಕ್ಷೆ ಎಂದಾಯಿತು. ಬೆಲೆಯನ್ನು ಮರೆತು ಜೀವವನ್ನು ಕಾಣಲು ಕಾಯಿದೆಗೆ ನೂರ ಅರವತ್ತಕ್ಕೂ ಮಿಕ್ಕಿದ ವರ್ಷಗಳು ಹಿಡಿದವು!

1890ರಲ್ಲಿ ಬ್ರಿಟಿಷ್ ಸರ್ಕಾರ ಪ್ರಾಣಿಹಿಂಸೆಗೆಂದೇ ಒಂದು ಕಾಯಿದೆಯನ್ನು ತಂದಿತಾದರೂ ಅದು ಮುಖ್ಯವಾಗಿ ಪಟ್ಟಣಗಳಿಗೆ ಸೀಮಿತವಾಗಿತ್ತು. ಸ್ವಾತಂತ್ರ್ಯಾನಂತರ ರಾಜ್ಯಸಭೆಗೆ ನಾಮಕರಣಗೊಂಡ ಕಲಾಕ್ಷೇತ್ರದ ರುಕ್ಮಿಣೀದೇವಿ ಅರುಂಡೇಲ್ ಅವರು ಈ ಕೊರತೆಯನ್ನು ಮನಗಂಡು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. 1954ರಲ್ಲಿ ಅದರ ಚರ್ಚೆ ನಡೆದಾಗ, ಸರ್ಕಾರವೇ ಮಸೂದೆ ತರುವುದೆಂದು ಪ್ರಧಾನಿ ನೆಹರೂ ಭರವಸೆ ನೀಡಿದುದರಿಂದ ಅವರು ತಮ್ಮ ಮಸೂದೆಯನ್ನು ಹಿಂದಕ್ಕೆ ಪಡೆದರು. ಆ ಭರವಸೆಯ ಫಲವೇ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆ. 1962ರಲ್ಲಿ ಸ್ಥಾಪಿತವಾದ ಪ್ರಾಣಿಕಲ್ಯಾಣ ಮಂಡಳಿಗೆ ಅವರೇ ಅಧ್ಯಕ್ಷರಾದರು. ಆದರೆ ಈ ಕಾಯಿದೆಯ 11ನೆಯ ವಿಧಿಯಲ್ಲಿ ಹೊಡೆತ, ಅತಿಭಾರ, ಉಪವಾಸ ಕೆಡವುವಿಕೆ ಮೊದಲಾದ ಕ್ರೌರ್ಯಗಳಿಗೆ ಮೊದಲ ಅಪರಾಧದ ದಂಡ ಗರಿಷ್ಠ ಐವತ್ತು ರೂಪಾಯಿ! ದಶಕಗಳು ಉರುಳಿ ರೂಪಾಯಿಯ ಬೆಲೆ ಕುಸಿದರೂ ಆ ಅಂಕಿ ಕದಲಲಿಲ್ಲ. ಕಾಯಿದೆ ಬಿಗಿಯಾಗಬೇಕೆಂಬ ಕೂಗಿನ ಮೂಲ ಇಲ್ಲಿದೆ. 2022ರಲ್ಲಿ ಕೇಂದ್ರ ಸರ್ಕಾರ ಶಿಕ್ಷೆಯನ್ನು ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿದುದು ಈ ಕೂಗಿನ ಪರಿಣಾಮವೇ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಕೋಣನ ಬಲಿ ನಡೆಯುತ್ತಿತ್ತು. 1934ರಲ್ಲಿ ಹರಿಜನೋದ್ಧಾರದ ಪ್ರವಾಸದಲ್ಲಿದ್ದ ಮಹಾತ್ಮಾ ಗಾಂಧಿಯವರು ಶಿರಸಿಗೆ ಬಂದರು. ಅವರ ಪ್ರಭಾವದಿಂದಲೂ ಊರಿನ ಗಾಂಧಿವಾದಿಗಳ ಹಾಗೂ ದೇವಾಲಯದ ಧರ್ಮದರ್ಶಿಗಳ ಪ್ರಯತ್ನದಿಂದಲೂ ಆ ದಶಕದಲ್ಲಿಯೇ ಕೋಣನ ಬಲಿ ನಿಂತಿತು. ಗಮನಿಸಬೇಕಾದುದೆಂದರೆ, ಬಲಿಯನ್ನು ನಿಷೇಧಿಸುವ ನಮ್ಮ ರಾಜ್ಯದ ಕಾಯಿದೆ ಬಂದುದು 1959ರಲ್ಲಿ; ಅದು ತಿದ್ದುಪಡಿಗೊಂಡುದು 1975ರಲ್ಲಿ. ಶಿರಸಿಯಲ್ಲಿ ಮನಸ್ಸು ಮೊದಲು ಬದಲಾಯಿತು, ಕಾಯಿದೆ ಅನಂತರ ಬಂದಿತು. ಆ ಬದಲಾವಣೆ ಬಾಳಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ನೆರೆಯ ತಮಿಳುನಾಡಿನಲ್ಲಿ 1950ರಿಂದಲೇ ಬಲಿನಿಷೇಧ ಕಾಯಿದೆಯಿತ್ತು. ಬಹುಕಾಲ ಅದು ಕಾಗದದಲ್ಲಿಯೇ ಉಳಿದು, 2003ರಲ್ಲಿ ಇದ್ದಕ್ಕಿದ್ದಂತೆ ಬಿಗಿಯಾಗಿ ಜಾರಿಗೊಂಡಿತು. ಗ್ರಾಮದೇವತೆಗಳ ಒಕ್ಕಲಿನ ಬಡಜನ ತಮ್ಮ ಆಚರಣೆಯ ಮೇಲೆ ಮಾತ್ರ ಕಣ್ಣೇಕೆಂದು ಕೇಳಿದರು. 2004ರಲ್ಲಿ ಕಾಯಿದೆಯೇ ರದ್ದಾಯಿತು. ಜನರ ಒಪ್ಪಿಗೆಯಿಲ್ಲದೆ ಹೇರಿದ ಕಾಯಿದೆ ನಿಲ್ಲಲಿಲ್ಲ.

ಪ್ರಾಣಿಹಿಂಸಾ ನಿವಾರಣೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರದ ಕಾಯಿದೆಯನ್ನು ರಾಜ್ಯಗಳು ರಾಷ್ಟ್ರಪತಿಗಳ ಅಂಕಿತದೊಡನೆ ತಿದ್ದಿಕೊಳ್ಳಬಹುದು. ಈ ಅಧಿಕಾರ ಇಬ್ಬಾಯಿಯ ಕತ್ತಿಯಂತೆ. ಬಿಗಿಗೊಳಿಸಲೂ ಬಹುದು, ಸಡಿಲಿಸಲೂ ಬಹುದು. 2014ರ ಸರ್ವೋಚ್ಚ ನ್ಯಾಯಾಲಯದ ಜಲ್ಲಿಕಟ್ಟು ತೀರ್ಪಿನ ಬಳಿಕ ಕರಾವಳಿಯ ಕಂಬಳಕ್ಕೂ ತಡೆ ಬಂದಾಗ, ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೆ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕಂಬಳ ತಮ್ಮ ಸಂಸ್ಕೃತಿಯೆಂಬ ಕರಾವಳಿಯ ರೈತರ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ನಮ್ಮ ರಾಜ್ಯ ಈ ಅಧಿಕಾರವನ್ನು ಬಳಸಿದುದು ಸಡಿಲಿಕೆಗಾಗಿ ಎಂಬುದನ್ನೂ ಮರೆಯುವಂತಿಲ್ಲ. ಬೇಡಿಕೆಯಿಟ್ಟವರ ದನಿ ಶಾಸನಸಭೆಗೆ ಕೇಳಿಸುತ್ತದೆ. ಕೋಣನಾಗಲಿ ಎತ್ತಾಗಲಿ ಬೇಡಿಕೆಯಿಡಲಾರದು. ಅದರ ಪರವಾಗಿ ಮನುಷ್ಯನೇ ಮಾತನಾಡಬೇಕು.

ಭಕ್ತಬಾಂಧವರೇ, ಇಲ್ಲಿಯವರೆಗೆ ನಾವು ಕುರಿಯನ್ನು ನೋಡಿದೆವು. ಬಲಿಗೊಡುವ ಅನ್ಯರನ್ನು ನೋಡಿದೆವು. ಬಲಿಯನ್ನು ನಿಷೇಧಿಸಿರೆಂದರೆ ನಮ್ಮಲ್ಲಿ ಎಲ್ಲರೂ ತಲೆದೂಗುತ್ತೇವೆ, ಏಕೆಂದರೆ ಅದನ್ನು ನಾವು ಮಾಡುವುದಿಲ್ಲ. ಈಗ ವಚನ ಹೊರಳುವಂತೆ ನೋಟವನ್ನು ನಮ್ಮ ಕಡೆಗೇ ಹೊರಳಿಸೋಣ.

ಭಾರ ಎಳೆಯುವ ಪ್ರಾಣಿಗಳನ್ನು ಕುರಿತು 1965ರಲ್ಲಿ ರಚಿತವಾದ ಕೇಂದ್ರ ನಿಯಮಗಳಿವೆ. ಎತ್ತಿನ ಗಾತ್ರಕ್ಕೂ ಗಾಡಿಯ ಗಾಲಿಗೂ ತಕ್ಕಂತೆ ಭಾರದ ಮಿತಿಯನ್ನು ಅವು ಗೊತ್ತುಪಡಿಸುತ್ತವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ವಿಶ್ರಾಂತಿಯಿಲ್ಲದೆ ಐದು ಗಂಟೆಗಿಂತ ಹೆಚ್ಚು ಎಳೆಸಬಾರದು. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು ಎನ್ನುತ್ತವೆ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ದಾರಿಯಲ್ಲಿ ನಿಂತು ನೋಡಿದವರಿಗೆ ಈ ನಿಯಮಗಳ ಗತಿಯನ್ನು ವಿವರಿಸಬೇಕಾಗಿಲ್ಲ. ಬೆಟ್ಟದಂತೆ ಹೇರಿದ ಕಬ್ಬು, ಏರಿನಲ್ಲಿ ಮಂಡಿಯೂರಿದ ಎತ್ತು, ನೊಗ ಉಜ್ಜಿ ಸುಲಿದ ಹೆಗಲು, ಮೇಲೆ ಬಾರುಕೋಲು. ಆ ಗಾಡಿಗಳಲ್ಲಿ ವಿಭೂತಿ ಧರಿಸಿ, ಇಷ್ಟಲಿಂಗಪೂಜೆ ಮುಗಿಸಿ ಹೊರಟವರೂ ಇರುತ್ತಾರೆ. ಸಾಲದ ಕಂತು, ಬಾಡಿಗೆ, ಕಾರ್ಖಾನೆಯ ಸರದಿ — ರೈತನ ಸಂಕಟವೂ ಸುಳ್ಳಲ್ಲ. ಆದರೆ ಮನುಷ್ಯನ ಸಂಕಟದ ಭಾರವನ್ನೆಲ್ಲ ಎತ್ತಿನ ಹೆಗಲಿಗೇ ವರ್ಗಾಯಿಸುವುದು ಕಾಯಕವೆನಿಸಲಾರದು. ಶರಣರ ಕಾಯಕ ಸತ್ಯಶುದ್ಧವಾದುದು. ಜೊತೆಗೆ ದುಡಿಯುವ ಜೀವವನ್ನು ನೋಯಿಸಿ ಗಳಿಸಿದುದು ಶುದ್ಧವಾಗುವುದೆಂತು?

ಆ ಹಿರಿಯರ ಪ್ರಶ್ನೆಗೆ ಈಗ ಉತ್ತರಿಸಬಹುದು. ಕಾಯಿದೆಯಿಂದ ದಯೆ ಹುಟ್ಟುವುದಿಲ್ಲ, ನಿಜ. ಆದರೆ ನಮ್ಮಲ್ಲಿ ದಯೆ ಹುಟ್ಟುವವರೆಗೆ ಎತ್ತು ಕಾಯುತ್ತಾ ಪೆಟ್ಟು ತಿನ್ನಬೇಕೆ? ಅರಿವು ಮತ್ತು ಆಚಾರ ಒಂದನ್ನೊಂದು ಅಗಲಿರಲಾರವು ಎಂದು ಶರಣರು ತೋರಿಸಿಕೊಟ್ಟರು. ದಯೆ ಸಮಾಜದ ಅರಿವಾದರೆ ಕಾಯಿದೆ ಅದರ ಆಚಾರ. ಅರಿವಿಲ್ಲದ ಕಾಯಿದೆ ತಮಿಳುನಾಡಿನಲ್ಲಾದಂತೆ ಬಿದ್ದುಹೋಗುತ್ತದೆ. ಆಚಾರವಿಲ್ಲದ ಅರಿವು ಐವತ್ತು ರೂಪಾಯಿಯ ದಂಡದಂತೆ ನಗೆಗೀಡಾಗುತ್ತದೆ.

ಆದುದರಿಂದ ದಂಡವನ್ನು ಹೆಚ್ಚಿಸಿರೆಂದು, 1965ರ ನಿಯಮಗಳನ್ನು ಜಾರಿಗೊಳಿಸಿರೆಂದು ನಮ್ಮ ಶಾಸಕರನ್ನು ಕೇಳುವುದು ಭಕ್ತರಿಗೆ ತಕ್ಕ ಕೆಲಸವೇ ಆಗಿದೆ. ಆದರೆ ಆ ಮನವಿಗೆ ಸಹಿ ಹಾಕುವ ಮೊದಲು ನಮ್ಮ ಕೊಟ್ಟಿಗೆಗೆ ಹೋಗಿ ಎತ್ತಿನ ಹೆಗಲನ್ನೊಮ್ಮೆ ಮುಟ್ಟಿ ನೋಡೋಣ. ಅಲ್ಲಿ ಗಾಯವಿದ್ದರೆ ಆ ಕಾಯಿದೆ ಮೊದಲು ಜಾರಿಯಾಗಬೇಕಾದುದು ನಮ್ಮ ಮನೆಯಲ್ಲಿಯೇ.