ಕೊತ್ತುಂಬರಿ: ಒಂದು ಪದ, ಮೂರು ಶಾಸ್ತ್ರ

ಪ್ರಾಚೀನ ವೈದ್ಯಗ್ರಂಥವನ್ನೋ ಪಾಕಗ್ರಂಥವನ್ನೋ ಓದುವ ವಿದ್ಯಾರ್ಥಿಗೆ ‘ಕೊತ್ತುಂಬರಿ’ ಎಂಬ ಪದ ಎದುರಾದರೆ ಆತ ನಿಘಂಟನ್ನು ತೆರೆಯುವುದಿಲ್ಲ. ಅರ್ಥ ತಿಳಿದೇ ಇದೆಯೆಂಬ ನಂಬಿಕೆ. ಇಂದು ಆ ಹೆಸರು ಮೊದಲು ನೆನಪಿಗೆ ತರುವುದು ಸಾರಿನ ಮೇಲೆ ಉದುರಿಸುವ ಹಸಿರು ಸೊಪ್ಪನ್ನು. ಹಿಂದಿನ ಶಾಸ್ತ್ರಕಾರರ ಮನಸ್ಸಿನಲ್ಲಿದ್ದುದೂ ಅದೇ ಆಗಿತ್ತೆ?

ಮೊದಲ ಸಾಕ್ಷ್ಯ ವ್ಯಾಕರಣದ್ದು. ಪಾಣಿನಿಯು ಅಷ್ಟಾಧ್ಯಾಯಿಯ 6ನೆಯ ಅಧ್ಯಾಯದಲ್ಲಿ ‘ಕುಸ್ತುಂಬುರು’ ಪದದ ನಡುವಣ ಸಕಾರಕ್ಕಾಗಿಯೇ ಒಂದು ಸೂತ್ರವನ್ನು ರಚಿಸಿದ್ದಾನೆ. ಸಸ್ಯಜಾತಿಯನ್ನು ಹೇಳುವಾಗ ಮಾತ್ರ ಆ ಸಕಾರ ಬರುತ್ತದೆ. ಈ ಓಷಧಿಯೇ ಧಾನ್ಯಕವೆಂದೂ ಅದರ ಫಲಗಳಿಗೂ ಇದೇ ಹೆಸರೆಂದೂ ಕಾಶಿಕಾವೃತ್ತಿ ವಿವರಿಸುತ್ತದೆ. ಕನ್ನಡದ ಕೊತ್ತುಂಬರಿಗೂ ಈ ಪದಕ್ಕೂ ಇರುವ ಸಾಮ್ಯ ಸ್ಪಷ್ಟ. ಆದರೆ ಯಾವ ಭಾಷೆ ಯಾವುದರಿಂದ ಪಡೆಯಿತೆಂಬುದನ್ನು ಸಾಮ್ಯವೊಂದೇ ನಿರ್ಣಯಿಸಲಾರದು.

ಕಾಶಿಕೆಯ ‘ಓಷಧಿ’ ಎಂಬ ಮಾತೂ ಗಮನಾರ್ಹ. ಅಮರಕೋಶದ ಪ್ರಕಾರ ಫಲ ಮಾಗಿದೊಡನೆ ಅಳಿಯುವ ಸಸ್ಯವೇ ಓಷಧಿ. ಇಂದಿನ ಸಸ್ಯಶಾಸ್ತ್ರ ಅದನ್ನು ಏಕವಾರ್ಷಿಕವೆನ್ನುತ್ತದೆ. ರೈತನ ಅನುಭವವೂ ಇದೇ. ಕೊತ್ತುಂಬರಿ ಸುಮಾರು 40 ದಿನಗಳಲ್ಲಿ ಸೊಪ್ಪಾಗುತ್ತದೆ, ಮೂರು ತಿಂಗಳು ದಾಟುವ ವೇಳೆಗೆ ಕಾಳುಗಟ್ಟಿ ಒಣಗುತ್ತದೆ. ಬಿಸಿಲು ಏರಿದರೆ ಬೇಗನೆ ಹೂವಿಗೆ ತಿರುಗಿ ಸೊಪ್ಪು ಕೈತಪ್ಪುತ್ತದೆ. ಬಿತ್ತುವ ಮುನ್ನ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡುವುದು ವಾಡಿಕೆ. ಒಂದೊಂದು ಹೋಳೂ ಒಂದೊಂದು ಬೀಜ. ನಾವು ‘ಬೀಜ’ವೆಂದು ಕರೆಯುವುದು ವಾಸ್ತವವಾಗಿ ಫಲ. ‘ಫಲ’ವೆಂದ ವೈಯಾಕರಣರ ಮಾತು ಹೊಲದಲ್ಲಿಯೂ ಸತ್ಯವಾಗುತ್ತದೆ.

ವೈದ್ಯದಲ್ಲಿ ಪ್ರಧಾನವಾದುದೂ ಈ ಒಣಫಲವೇ. ಶಾರ್ಙ್ಗಧರ ಸಂಹಿತೆಯಲ್ಲಿ ಬರುವ ಧಾನ್ಯಕ ಹಿಮದ ವಿಧಾನ ಸರಳ: ಕಾಳನ್ನು ಜಜ್ಜಿ, ಆರು ಪಾಲು ತಣ್ಣೀರಿನಲ್ಲಿ ಇರುಳೆಲ್ಲ ನೆನೆಸಿ, ಬೆಳಗ್ಗೆ ಸೋಸಿ, ಸಕ್ಕರೆ ಬೆರೆಸಿ ಕುಡಿಯುವುದು. ಬಾಯಾರಿಕೆಗೂ ಒಳಉರಿಗೂ ಅದು ಔಷಧ. ಇಲ್ಲಿ ಧಾನ್ಯಕಕ್ಕೆ ಸೊಪ್ಪೆಂದು ಅರ್ಥ ಬರೆದರೆ ಔಷಧವೇ ಬೇರೆಯಾಗುತ್ತದೆ.

ಬೆಳೆ, ಅಡುಗೆ, ಔಷಧ ಈ ಮೂರನ್ನೂ ಒಂದೇ ಕೃತಿಯಲ್ಲಿ ಕೂಡಿಸಿದ ಕನ್ನಡದ ನಿದರ್ಶನ ‘ಲೋಕೋಪಕಾರ’. ಚಾಳುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಇದನ್ನು ರಚಿಸಿದ ಚಾವುಂಡರಾಯನು ಗೊಮ್ಮಟ ವಿಗ್ರಹವನ್ನು ಮಾಡಿಸಿದ ಚಾವುಂಡರಾಯನಲ್ಲ. ವೃಕ್ಷಾಯುರ್ವೇದ, ಸೂಪಶಾಸ್ತ್ರ, ವೈದ್ಯ ಇವು ಅವನಿಗೆ ಒಂದೇ ಲೋಕಜ್ಞಾನದ ಅಂಗಗಳು. ನಾವಾದರೋ ಅವನ್ನು ಬೇರೆ ಬೇರೆ ವಿಭಾಗಗಳಿಗೆ ಹಂಚಿ, ಸಾಹಿತ್ಯದ ವಿದ್ಯಾರ್ಥಿಯ ಕೈಗೆ ಪದವನ್ನಷ್ಟೇ ಉಳಿಸಿದ್ದೇವೆ.

ಆದುದರಿಂದ ಶಾಸ್ತ್ರಗ್ರಂಥಗಳನ್ನು ಸಂಪಾದಿಸುವವರು ಇಂತಹ ಪದಕ್ಕೆ ಅರ್ಥ ಬರೆಯುವಾಗ ಸೊಪ್ಪೋ ಕಾಳೋ ಎಂಬುದನ್ನು ಸಂದರ್ಭ ನೋಡಿ ಸೂಚಿಸಬೇಕು. ಪರಿಚಿತ ಪದವೇ ಹೆಚ್ಚು ಎಚ್ಚರವನ್ನು ಬೇಡುತ್ತದೆ.